ಹೊಲ ಬಿಟ್ಟು ಬಂದವನು ಲ್ಯಾಪ್‌ಟಾಪಿನಲ್ಲಿ ಹೊಲ ಮಾಡ್ತಿದ್ದೇನೆ, ಈಗ ಅದೂ ಬೇಸರ ಬಂದಿದೆ

ಕಬ್ಬಿನಗಾಡಿ (ಬೆಳಗಾವಿ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ಉದ್ದ. ಸಹಿಸಿಕೊಳ್ಳಿ.

ನಮ್ಮೂರು ಜಮಖಂಡಿ ತಾಲೂಕಿನಲ್ಲಿ. ನಾಲ್ಕು ಎಕರೆ, ಪೂರಾ ಕಬ್ಬು. ನಾನು ಡಿಪ್ಲೊಮಾ ಮುಗಿಸಿ ಬೆಳಗಾವಿಗೆ ಬಂದು ಏಳು ವರ್ಷ ಆಯಿತು. ಉದ್ಯಮಬಾಗದಲ್ಲಿ ಸಿಎನ್‌ಸಿ ಮಷಿನ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ ನಡೆಸುತ್ತೇನೆ. ಮಜಗಾವಿಯಲ್ಲಿ ಒಂದು ರೂಮ್, ಒಬ್ಬನೇ. ಬೆಳಗಾವಿ ಮಳೆ ನಿಮಗೆ ಗೊತ್ತೇ ಇದೆ, ಜುಲೈನಲ್ಲಿ ಒಗೆದ ಬನಿಯನ್ ನಾಲ್ಕು ದಿನ ಆದರೂ ಒಣಗುವುದಿಲ್ಲ. ಅಂಥ ಒಂದು ರವಿವಾರ ಹೊರಗೆ ಹೋಗಲಾರದೆ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಹೊಲ ಮಾಡುವ ಆಟ ಹಾಕಿಕೊಂಡೆ. ನನ್ನದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ಬ್ಯಾಟರಿ ಸತ್ತಿದೆ, ಚಾರ್ಜರ್ ಹಚ್ಚಿದರೆ ಮಾತ್ರ ಉಸಿರಾಡುತ್ತದೆ. ಆದರೂ ಈ ಆಟ ಅದರಲ್ಲಿ ಓಡಿತು.

ಆಟದ ಕಥೆ ಏನೆಂದರೆ, ಆಫೀಸಿನಲ್ಲಿ ಕೂತು ಕೂತು ಸಾಕಾದ ಒಬ್ಬ ಮನುಷ್ಯ ಅಜ್ಜನ ಕಾಗದ ಒಡೆದು ಓದಿ, ಅಜ್ಜ ಬಿಟ್ಟುಹೋದ ಹೊಲಕ್ಕೆ ಬರುತ್ತಾನೆ. ನಾನು ಅದರ ಉಲ್ಟಾ. ಹೊಲ ಬಿಟ್ಟು ಮಷಿನ್ ಮುಂದೆ ಬಂದು ನಿಂತವನು. ಆ ಕಾಗದ ಓದುವಾಗ ಒಂದು ಥರ ಆಯಿತು, ಸುಳ್ಳೇಕೆ ಹೇಳಲಿ.

ಮೊದಲ ದಿನ ಕೈಯಲ್ಲಿ 500 ನಾಣ್ಯ, 15 ಪಾರ್ಸ್ನಿಪ್ ಬೀಜ. ಪಾರ್ಸ್ನಿಪ್ ಅಂದರೆ ಬಿಳಿ ಗಜ್ಜರಿ ಅಂದುಕೊಳ್ಳಿ. ಕಲ್ಲು ಒಡೆದು, ಕಳೆ ತೆಗೆದು, ನೆಲ ಕೆದರಿ, ಬೀಜ ಹಾಕಿ, ನೀರು ಹಾಕಬೇಕು. ನಾಲ್ಕು ದಿನಕ್ಕೆ ಬೆಳೆ ಕೈಗೆ ಬರುತ್ತದೆ. ಆಟದ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಬೆಳಗ್ಗೆ ಆರಕ್ಕೆ ಏಳುತ್ತೀರಿ, ರಾತ್ರಿ ಎರಡರೊಳಗೆ ಮಲಗದಿದ್ದರೆ ಎಲ್ಲಿದ್ದೀರೋ ಅಲ್ಲೇ ಬೀಳುತ್ತೀರಿ. ನಾಳೆ ಮಳೆ ಇದೆಯಾ ಅಂತ ಟಿವಿ ಹೇಳುತ್ತದೆ. ಮಳೆ ಅಂದರೆ ಮಳೆಯೇ. ಈ ಪರಿ ನಂಬುವಂಥ ಮಳೆ ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಅದಕ್ಕಿಂತ ಜಾಸ್ತಿ ಹಿಡಿಸಿದ್ದು ರೊಕ್ಕ ಬರುವ ರೀತಿ. ಸಂಜೆ ಬೆಳೆಯನ್ನು ಮನೆ ಪಕ್ಕದ ಪೆಟ್ಟಿಗೆಯಲ್ಲಿ ಹಾಕಿ ಮಲಗಿದರೆ ಬೆಳಗ್ಗೆ ಲೆಕ್ಕ ಸಮೇತ ಹಣ ಬಂದಿರುತ್ತದೆ. ನಮ್ಮಲ್ಲಿ ಕಬ್ಬು ಕಳಿಸಿದ 14 ದಿನದೊಳಗೆ ಕಾರ್ಖಾನೆ ಬಿಲ್ಲು ಕೊಡಬೇಕು ಅಂತ 1966ರ ಆದೇಶವೇ ಇದೆ. ಅಪ್ಪ ಆ ಹದಿನಾಲ್ಕನ್ನು ದಿನದಲ್ಲಿ ಎಣಿಸುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು.

ಈ ಆಟ 2016ರ ಫೆಬ್ರವರಿಯಲ್ಲಿ ಬಂತು. ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕೂತು ಚಿತ್ರ, ಸಂಗೀತ, ಕೋಡ್ ಎಲ್ಲಾ ತಾನೇ ಮಾಡಿದ್ದು. ಡ್ರಾಯಿಂಗ್‌ನಿಂದ ಫಿನಿಶಿಂಗ್‌ವರೆಗೆ ಒಂದೇ ಕೈ. ನಮ್ಮ ಶಾಪ್‌ನಲ್ಲಿ ಬುಶ್ ಅನ್ನುವ ಒಂದು ಸಣ್ಣ ಬಿಡಿಭಾಗ ಮಾಡಲು ನಾಲ್ಕು ಜನ ಬೇಕು.

ಈಗ ತೊಂದರೆಗೆ ಬರುತ್ತೇನೆ. ಮೊದಲ ವರ್ಷ ಸ್ವರ್ಗ. ಆಟದ ವರ್ಷ ಅಂದರೆ 28 ದಿನದ ನಾಲ್ಕು ಹಂಗಾಮು, ಒಟ್ಟು 112 ದಿನ. ಎರಡನೇ ವರ್ಷ ನಾನೊಂದು ನೋಟ್‌ಬುಕ್ ಇಟ್ಟೆ. ಯಾವ ಬೆಳೆಗೆ ದಿನಕ್ಕೆ ಎಷ್ಟು ಲಾಭ, ಯಾವ ಸ್ಪ್ರಿಂಕ್ಲರ್ ಹೊಲದ ಎಷ್ಟು ಚೌಕಕ್ಕೆ ನೀರು ಹಾಕುತ್ತದೆ, ನಾಲ್ಕಾ, ಎಂಟಾ, ಇಪ್ಪತ್ನಾಲ್ಕಾ, ಎಲ್ಲಾ ಬರೆದೆ. ಈಗ ಬೆಳಗ್ಗೆ ಎದ್ದರೆ ಕೋಳಿ, ಆಕಳು, ಒಂದೊಂದಕ್ಕೂ ಮೈದಡವಬೇಕು. ಆಮೇಲೆ ಪೀಪಾಯಿಗಳಿಂದ ವೈನ್ ತೆಗೆದು ಮತ್ತೆ ತುಂಬಬೇಕು. ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಬುಧವಾರ ಬೀಜ ಮಾರುವ ಪಿಯರ್‌ನ ಅಂಗಡಿ ಬಂದ್ ಇರುತ್ತದೆ ಅಂತ ಗೊತ್ತಿದ್ದೂ ಪ್ರತಿ ಬುಧವಾರ ಅಲ್ಲಿಗೆ ಓಡಿ ಬಾಗಿಲು ನೋಡಿ ಬರುತ್ತೇನೆ. ಒಮ್ಮೆ ಬೇಸಿಗೆಯ 20ನೇ ತಾರೀಖು ಕರಬೂಜ ಹಾಕಿದೆ, ಅದಕ್ಕೆ 12 ದಿನ ಬೇಕು. ಹಂಗಾಮು ಬದಲಾದ ಬೆಳಗ್ಗೆ ಹೊಲ ತುಂಬ ಒಣ ಕಡ್ಡಿ. ಇನ್ನೊಮ್ಮೆ ಬಹಳ ಹೊತ್ತು ಹೆಣಗಿ ಒಂದು ದೊಡ್ಡ ಮೀನು ಹಿಡಿದೆ, ಕರೆಂಟ್ ಹೋಯಿತು. ಮಲಗಿದರೆ ಮಾತ್ರ ಆಟ ಉಳಿಯುತ್ತದೆ, ಅಲ್ವಾ? ಮೀನೂ ಹೋಯಿತು, ಆ ದಿನವೂ ಹೋಯಿತು. ಕತ್ತಲಲ್ಲಿ ಕೂತು ಯಾರನ್ನು ಬೈಯಬೇಕು ಅಂತ ಯೋಚಿಸಿದೆ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ಹಿಂದೆ ನಿಂತು ನೋಡಿದರು. "ಅಲ್ಲೋ ತಮ್ಮಾ, ಹೊಲಕ್ಕ ನೀರು ಬಿಡಾಕ ಬಾ ಅಂದ್ರ ಕಾಲು ನೋಯ್ತಾವಂತಿ. ಇಲ್ಲಿ ಮುಂಜಾನೆದ್ದು ಪುಕ್ಕಟೆ ನೀರು ಹೊಡಿತಿಯಲ್ಲ?"

ಉತ್ತರ ಸಿಗಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಎಂಟು ತಾಸು ಶಿಫ್ಟ್ ಮಾಡಿ ಬಂದು ಮತ್ತೆ ಎರಡು ತಾಸು ಇಲ್ಲಿ ಶಿಫ್ಟ್ ಮಾಡಿದ ಹಾಗೆ ಆಗಿದೆ. ಬಿಡಲೂ ಮನಸ್ಸಿಲ್ಲ. ನಿಮಗೂ ಹೀಗೆ ಆಗಿದೆಯಾ? ಮೊದಲಿನ ಹಾಗೆ ಸುಮ್ನೆ ಆಡುವುದು ಹೇಗೆ?

ಮಿರ್ಚಿಭಜಿ:

ಊರಿಗೆ ಹೋಗಿ ಕಳೆ ಕೀಳ್ರಿ. ಗ್ರಾಫಿಕ್ಸ್ ಛಲೋ ಇರತೈತಿ, ಕರೆಂಟ್ ಹೋದರೂ ಆಟ ನಿಲ್ಲಂಗಿಲ್ಲ.

ಒಣದ್ರಾಕ್ಷಿ (ವಿಜಯಪುರ):

ಮಿರ್ಚಿಯವರ ಮಾತು ಬಿಡಿ ಅಣ್ಣಾ. ನನಗೂ ಹೀಗೇ ಆಗಿತ್ತು, ಆಟ ಬೇರೆ.

ನನ್ನದು ಮೊಬೈಲಿನಲ್ಲಿ ಆಡುವ ಹೇ ಡೇ. ಅದಕ್ಕೂ ಮೊದಲು ಫೇಸ್‌ಬುಕ್‌ನ ಫಾರ್ಮ್‌ವಿಲ್ ಹುಚ್ಚು. 2010ರಲ್ಲಿ ಹಾಸ್ಟೆಲ್‌ನಿಂದ ಇಂಟರ್‌ನೆಟ್ ಕೆಫೆಗೆ ಹೋಗಿ, ತಾಸಿಗೆ 15 ರೂಪಾಯಿ ಕೊಟ್ಟು ಬೆಳೆ ಕೊಯ್ದು ಬರುತ್ತಿದ್ದೆ. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಬೆಳೆ ಬಾಡಿ ಬಿಡುತ್ತಿತ್ತು. ಪರೀಕ್ಷೆಯ ಹಿಂದಿನ ದಿನವೂ ಹೋಗಿದ್ದೇನೆ. ಆ ಆಟ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ನನ್ನ ಹೊಲ ಏನಾಯಿತು ಅಂತ ಅವತ್ತು ಮೈದುನನ ಹತ್ತಿರ ಕೇಳಿ ನಗಿಸಿಕೊಂಡೆ.

ಹೇ ಡೇಯಲ್ಲಿ ಬೆಳೆ ಬಾಡುವುದಿಲ್ಲ, ಅಷ್ಟು ಪುಣ್ಯ. ಗೋಧಿ ಎರಡು ನಿಮಿಷಕ್ಕೆ ಬರುತ್ತದೆ. ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿ ಬೇಯಿಸುವಷ್ಟರಲ್ಲಿ ಒಂದು ಬೆಳೆ. ಗೋವಿನಜೋಳ ಐದು ನಿಮಿಷ. ಕಬ್ಬು 30 ನಿಮಿಷಕ್ಕೆ ಕಟಾವಿಗೆ ಬರುತ್ತದೆ, ಇದನ್ನು ನಿಮ್ಮ ಅಪ್ಪಾರಿಗೆ ಹೇಳಬೇಡಿ.

ಅದರ ಕಿರಿಕಿರಿ ಕಣಜದ್ದು. ಕಣಜ ತುಂಬಿತು ಅಂದರೆ ಎಲ್ಲಾ ನಿಂತಿತು. ದೊಡ್ಡದು ಮಾಡಲು ಬೋಲ್ಟ್, ಹಲಗೆ, ಟೇಪು ಮೂರೂ ಬೇಕು. ಬೋಲ್ಟ್ ಬರುತ್ತದೆ, ಹಲಗೆ ಬರುತ್ತದೆ, ಟೇಪು ಬರುವುದಿಲ್ಲ. ಸಿಕ್ಕ ಹಲಗೆಗಳೇ ಕಣಜದಲ್ಲಿ ಜಾಗ ತಿನ್ನುತ್ತ ಕೂತಿರುತ್ತವೆ! ಆಟ ಪುಕ್ಕಟೆ, ಆದರೆ ಕಾಯುವುದು ಬೇಡ ಅಂದರೆ ವಜ್ರ ಬೇಕು, ವಜ್ರ ಬೇಕು ಅಂದರೆ ರೊಕ್ಕ ಬೇಕು. ನಮ್ಮನ್ನು ಕಾಯಿಸುವುದೇ ಅವರ ವ್ಯಾಪಾರ ಅಂತ ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಇನ್ನೊಂದು ಇದೆ. ಅದರಲ್ಲಿ 30 ಜನರವರೆಗೆ ಸೇರಿ ಒಂದು ಓಣಿ ಮಾಡಿಕೊಳ್ಳಬಹುದು. ಡರ್ಬಿ ಅಂತ ಪೈಪೋಟಿ ನಡೆಯುತ್ತದೆ, ಎಲ್ಲರೂ ತಮ್ಮ ಪಾಲಿನ ಕೆಲಸ ಮುಗಿಸಬೇಕು. ನಾನು, ನನ್ನ ನೆಗೆಣ್ಣಿ, ಅವರ ತವರಿನವರು ಒಂದೇ ಓಣಿ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಮನೆ ತುಂಬ ಬೀಗರು ಬಂದಿದ್ದರು, ನನ್ನ ಪಾಲಿನದು ಉಳಿಯಿತು. ಜಾತ್ರೆ ಮುಗಿದರೂ ನೆಗೆಣ್ಣಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಶೇಂಗಾ ಹೋಳಿಗೆ ಕೊಟ್ಟರೂ "ಇಡ್ರಿ ಅಲ್ಲೆ" ಅಂದಳು. ಒಂದು ವಾರ! ಆಟದೊಳಗಿನ ಕೋಳಿ ಮೇವಿನ ಸಲುವಾಗಿ.

ಅವತ್ತೇ ನೋಟಿಫಿಕೇಶನ್ ಬಂದ್ ಮಾಡಿ, ಓಣಿ ಬಿಟ್ಟು ಬಂದೆ. ಈಗ ಒಬ್ಬಳೇ ಆಡುತ್ತೇನೆ. ಕುಕ್ಕರ್ ಸೀಟಿ ಹೊಡೆಯುವವರೆಗೆ ಅಷ್ಟೇ.

ನನ್ನ ತವರು ತಿಕೋಟಾ ಕಡೆ, ದ್ರಾಕ್ಷಿ. ಶೆಡ್ಡಿನಲ್ಲಿ ಒಣಹಾಕಿದ ಹಣ್ಣಿನ ಮೇಲೆ ಒಂದು ಅಕಾಲ ಮಳೆ ಬಿದ್ದರೆ ಮನೂಕದ ಬಣ್ಣವೂ ಹೋಯಿತು, ದರವೂ ಹೋಯಿತು. ಆ ರಾತ್ರಿಗಳಲ್ಲಿ ಅಪ್ಪ ಅಂಗಳದಲ್ಲಿ ಓಡಾಡುವುದನ್ನು ನೋಡಿ ಬೆಳೆದವಳು ನಾನು. ಮೋಡ ನೋಡಿ ಹೆದರಬೇಕಿಲ್ಲದ ಹೊಲ ಅಂತ ಒಂದಿದ್ದರೆ ಅದು ಮೊಬೈಲಿನದೇ. ಅದರೊಳಗೆ ನೀವೇ ನೋಟ್‌ಬುಕ್ ತಂದು ಇಟ್ಟಿದ್ದೀರಿ ಅಣ್ಣಾ.

ಕಬ್ಬಿನಗಾಡಿ:

ನೆಗೆಣ್ಣಿ ಕಥೆ ಓದಿ ಲಂಚ್‌ನಲ್ಲಿ ಒಬ್ಬನೇ ನಕ್ಕೆ, ಫೋರ್‌ಮನ್ ತಿರುಗಿ ನೋಡಿದರು. ನೋಟ್‌ಬುಕ್ ಮಾತು ಖರೆ. ಆದರೆ ಲೆಕ್ಕ ಬರೆಯದೆ ಕೈ ಸುಮ್ಮನಿರುವುದಿಲ್ಲ. ದಿನಾ ಮಷಿನ್‌ನಲ್ಲಿ ಸೈಕಲ್ ಟೈಮ್ ಎರಡು ಸೆಕೆಂಡ್ ಇಳಿಸುವುದು ಹೇಗೆ ಅಂತ ನೋಡಿ ನೋಡಿ ಅದೇ ಚಟ ಆಗಿದೆ.

ಸೆಕೆಂಡ್ ಶಿಫ್ಟ್ (ಬೆಳಗಾವಿ):

ನಾನೂ ನಿಮ್ಮ ಕಡೆಯವನೇ, ಫೌಂಡ್ರಿ. ನನ್ನ ಹತ್ತಿರ ನಿಂಟೆಂಡೊ ಸ್ವಿಚ್ ಅನ್ನುವ ಹಳೇ ಆಟದ ಯಂತ್ರ ಇದೆ, ಅದರಲ್ಲಿ ಅನಿಮಲ್ ಕ್ರಾಸಿಂಗ್ ನ್ಯೂ ಹೊರೈಜನ್ಸ್ ಆಡುತ್ತೇನೆ. 2020ರ ಮಾರ್ಚ್ 20ಕ್ಕೆ ಬಂದ ಆಟ, ಲಾಕ್‌ಡೌನ್ ಹೊತ್ತಿಗೆ ಸರಿಯಾಗಿ.

ಇದರಲ್ಲಿ ನಿಮ್ಮ 14 ನಿಮಿಷದ ದಿನ ಇಲ್ಲ. ಗೋಡೆ ಗಡಿಯಾರದಲ್ಲಿ ಎಷ್ಟು ಹೊತ್ತಾಗಿದೆಯೋ ಆಟದಲ್ಲೂ ಅಷ್ಟೇ. ಕೇಳಲು ಛಂದ. ಆದರೆ ಅಲ್ಲಿನ ಅಂಗಡಿ ಬೆಳಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ. ನನ್ನ ಶಿಫ್ಟ್ ಬಿಡುವುದು ಹನ್ನೊಂದಕ್ಕೆ. ನಾನು ಬಂದು ಊಟ ಮಾಡಿ ಕೂತರೆ ಊರಿಗೆ ಊರೇ ಮಲಗಿರುತ್ತದೆ. ಚಿಟ್ಟೆ ಹಿಡಿಯುವವನು ನಾನೊಬ್ಬನೇ, ಅದೂ ಪತಂಗ.

ಅದಕ್ಕೆ ಒಂದು ಉಪಾಯ ಮಾಡಿದೆ. ಸ್ವಿಚ್‌ನ ಗಡಿಯಾರವನ್ನೇ ಐದು ತಾಸು ಹಿಂದೆ ತಿರುಗಿಸಿದೆ. ಆದರೆ ಆ ರವಿವಾರ ಬೆಳಗ್ಗೆ ಉಳಿಸಿದ ಹಣವನ್ನೆಲ್ಲಾ ಹಾಕಿ ಟರ್ನಿಪ್ ಗಡ್ಡೆ ಕೊಂಡಿದ್ದೆ. ಅದು ಅಲ್ಲಿನ ಶೇರು ಮಾರ್ಕೆಟ್. ರವಿವಾರ ಕೊಂಡು, ಸೋಮವಾರದಿಂದ ಶನಿವಾರದೊಳಗೆ ದರ ನೋಡಿ ಮಾರಬೇಕು, ಮುಂದಿನ ರವಿವಾರ ಬಂದರೆ ಕೊಳೆಯುತ್ತವೆ. ಗಡಿಯಾರ ಹಿಂದೆ ಹೋದರೂ ಕೊಳೆಯುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆಟ ತೆರೆದರೆ ಎಲ್ಲದರ ಸುತ್ತ ನೊಣ.

ಸಿಟ್ಟಿಗೆ ಎರಡು ತಿಂಗಳು ಮುಟ್ಟಲಿಲ್ಲ. ತಿರುಗಿ ಹೋದಾಗ ದ್ವೀಪದ ತುಂಬ ಕಳೆ, ಮನೆಯಲ್ಲಿ ಜಿರಳೆ. ಒಂದು ಅಳಿಲು ಬಂದು ಎಲ್ಲಿಗೆ ಹೋಗಿದ್ದೆ ಅಂತ ಕೇಳಿತು. ಬೇರೆ ಯಾರೂ ಕೇಳಿರಲಿಲ್ಲ ನೋಡಿ. ಅಲ್ಲಿಗೆ ಸಿಟ್ಟು ಇಳಿಯಿತು.

ಈ ಆಟಗಳ ಮೂಲವನ್ನು ಜಪಾನಿನಲ್ಲಿ ಕಟ್ಸುಯಾ ಎಗುಚಿ ಅನ್ನುವವರು ಮಾಡಿದ್ದು, 2001ರಲ್ಲಿ. ಕೆಲಸಕ್ಕೆಂದು ಚಿಬಾದಿಂದ ಕ್ಯೋಟೋಗೆ ಬಂದು, ಮನೆಯವರನ್ನೂ ಗೆಳೆಯರನ್ನೂ ಬಿಟ್ಟು ಒಂಟಿಯಾದಾಗ ಹೊಳೆದ ಆಟವಂತೆ. ಮಜಗಾವಿ ರೂಮ್ ಅಂತ ನೀವು ಬರೆದಿದ್ದು ಓದಿ ಅದು ನೆನಪಾಯಿತು. ನಾನೂ ಅದೇ ಗಿರಾಕಿ.

ಹಾಂ, ಕಿರಿಕಿರಿ ಹೇಳಲು ಮರೆತೆ. ಕೊಡಲಿ ಮುರಿಯುತ್ತದೆ, ಸಲಿಕೆ ಮುರಿಯುತ್ತದೆ, ಗಾಳ ಮುರಿಯುತ್ತದೆ. ನಾನು ಎರಕ ಹೊಯ್ಯುವವನು, ಇಂಥ ಮಾಲು ನಮ್ಮಲ್ಲಿ ಇನ್‌ಸ್ಪೆಕ್ಷನ್ ದಾಟುವುದಿಲ್ಲ. ಆದರೆ ಮನೆ ಸಾಲಕ್ಕೆ ಬಡ್ಡಿ ಇಲ್ಲ, ಕಂತು ಇಲ್ಲ, ಕೈಯಲ್ಲಿದ್ದಾಗ ಕಟ್ಟು ಅನ್ನುತ್ತಾರೆ. ಅದಕ್ಕೆ ಕೊಡಲಿಯದನ್ನು ಕ್ಷಮಿಸಿದ್ದೇನೆ.

ಹಿನ್ನೀರು (ಬಾಗಲಕೋಟೆ):

ನಾನು ಹೊಲದ ಆಟ ಆಡುವುದಿಲ್ಲ, ಮನೆಯ ಆಟ. ಸಿಮ್ಸ್ 4. 2022ರ ಅಕ್ಟೋಬರ್‌ನಿಂದ ಮೂಲ ಆಟ ಪುಕ್ಕಟೆ ಇದೆ. ಕುರ್ಚಿಯಿಂದ ಹಿಡಿದು ನಾಯಿಯವರೆಗೆ ಉಳಿದದ್ದೆಲ್ಲಾ ಪ್ಯಾಕು ಪ್ಯಾಕು ಅಂತ ರೊಕ್ಕ ಕೇಳುತ್ತದೆ, ಅದು ಇರಲಿ.

ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿ ಘಟಪ್ರಭೆಯ ಕಡೆಗಿತ್ತು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ನಾನಾಗ ಎರಡನೇ ಇಯತ್ತೆ. ನವನಗರಕ್ಕೆ ಬಂದೆವು. ಓಣಿಗೆ ಹೆಸರಿದ್ದವರು ಸೆಕ್ಟರ್ ನಂಬರಿನವರಾದೆವು. ಆ ಮನೆಯ ಒಂದೇ ಒಂದು ಫೋಟೋ ಇದೆ, ಅದರಲ್ಲೂ ಮನೆಗಿಂತ ನಮ್ಮ ಚಿಕ್ಕಪ್ಪನ ಮದುವೆಯ ಮೋಟಾರೇ ದೊಡ್ಡದಾಗಿ ಕಾಣುತ್ತದೆ.

ಹೋದ ವರ್ಷ ನೌಕರಿ ಹುಡುಕುತ್ತ ಮನೆಯಲ್ಲಿದ್ದಾಗ ಆ ಮನೆಯನ್ನು ಸಿಮ್ಸ್‌ನಲ್ಲಿ ಕಟ್ಟಲು ಕೂತೆ. ಸಿಮ್ ಅಂದರೆ ಆಟದೊಳಗಿನ ಮನುಷ್ಯ. ಹೊಸ ಸಿಮ್ ಒಬ್ಬನಿಗೆ ಆಟದ ಹಣ 20,000 ಕೊಡುತ್ತಾರೆ, ಸಾಲುವುದಿಲ್ಲ. ಮದರ್‌ಲೋಡ್ ಅಂತ ಟೈಪ್ ಮಾಡಿದರೆ 50,000 ಬಂದು ಬೀಳುತ್ತದೆ. ಪರಿಹಾರ ಹೆಚ್ಚಿಸಿಕೊಳ್ಳಲು ಚೀಲ ಹಿಡಿದು ಅಲೆದ ಮುತ್ಯಾ ಇದ್ದಿದ್ದರೆ ಆ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳುತ್ತಿದ್ದರು.

ಗೋಡೆ ಸುಲಭ. ಪಡಸಾಲೆ ಆಯಿತು, ಅಡುಗೆಮನೆ ಆಯಿತು. ಆದರೆ ಮಣ್ಣಿನ ಮೇಲ್ಮುದ್ದಿ ಎಲ್ಲಿಂದ ತರಲಿ? ಮಾಳಿಗೆಯ ಬೆಳಕಿಂಡಿ ಇಲ್ಲ. ಹೊಸ್ತಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ ಇತ್ತು ನಮ್ಮಲ್ಲಿ, ಗ್ವಾದಲಿ ಇತ್ತು. ಅಲ್ಲಿ ಹೂವಿನ ಕುಂಡ ಇಟ್ಟೆ. ಕಾಳು ತುಂಬುವ ಹಗೇವಿಗೆ ಬದಲು ಒಂದು ಕಂದು ಚಾಪೆ. ಹೊರಗಿನ ಕಟ್ಟೆಯೇನೋ ಕಟ್ಟಿದೆ, ಅದರ ಮೇಲೆ ಯಾವ ಸಿಮ್ಮೂ ಬಂದು ಕೂರಲಿಲ್ಲ. ನೆಲದ ಮೇಲೆ ಕೂತು ಊಟ ಮಾಡುವುದೂ ಅವರಿಗೆ ಬರುವುದಿಲ್ಲ, ತಾಟು ಹಿಡಿದುಕೊಂಡು ಬಚ್ಚಲದಲ್ಲಿ ನಿಂತು ತಿನ್ನುತ್ತಾರೆ.

ಮೂರು ದಿನ ಕಟ್ಟಿ ಆಯಿಗೆ ತೋರಿಸಿದೆ. ಎಂಬತ್ತರ ಹತ್ತಿರ ಬಂದ ಕಣ್ಣು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದೆ. "ಬಾಗಲಾ ಮೂಡಣಕ್ಕಿತ್ತು, ನೀ ಪಡುವಣಕ್ಕ ಹಚ್ಚೀದಿ" ಅಂದಳು. ಬದಲಾಯಿಸಿದೆ. "ಒಲಿ ಅಲ್ಲಲ್ಲ, ಇತ್ತಾಗ." ಬದಲಾಯಿಸಿದೆ. ಎರಡು ವಾರ ಸಂಜೆ ಕೂತು ಗೋಡೆ ಸರಿಸಿದ್ದೇ ಸರಿಸಿದ್ದು. ನನಗೆ ನೆನಪಿರುವುದಾಗಿ ಕಟ್ಟಿದ ಮನೆಯಲ್ಲಿ ಅರ್ಧ ನನ್ನ ಸೃಷ್ಟಿಯೇ ಆಗಿತ್ತು.

ಕೊನೆಗೆ ಅವಳದೇ ಒಂದು ಸಿಮ್ ಮಾಡಿ ಆ ಮನೆಯಲ್ಲಿ ಬಿಟ್ಟೆ. ಅಡುಗೆ ಬಾರದ ಸಿಮ್ಮು, ಅಗ್ಗದ ಒಲೆ. ಎರಡನೇ ದಿನವೇ ಒಲೆಗೆ ಬೆಂಕಿ ಹತ್ತಿ ಅಡುಗೆಮನೆ ಉರಿಯತೊಡಗಿತು. ಆಯಿ ನೋಡುತ್ತ, "ನೀರಿಗೆ ಹೋಗಿದ್ದು ಸಾಲದಾತೇನ ಇದಕ್ಕ?" ಅಂದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಓದಿ ತಿಳಿದದ್ದು, ಸಿಮ್ಸ್ ಮಾಡಿದ ವಿಲ್ ರೈಟ್‌ಗೂ ಈ ಆಟ ಹೊಳೆದದ್ದು 1991ರ ಓಕ್‌ಲ್ಯಾಂಡ್ ಬೆಂಕಿಯಲ್ಲಿ ಸ್ವಂತ ಮನೆ ಕಳೆದುಕೊಂಡ ಮೇಲಂತೆ. ಕಳೆದ ಸಾಮಾನುಗಳನ್ನು ಒಂದೊಂದೇ ಮತ್ತೆ ಜೋಡಿಸಿಕೊಳ್ಳುವಾಗ. ಮೊದಲ ಆಟ 2000ದಲ್ಲಿ ಬಂತು.

ನಿಮ್ಮ ಪ್ರಶ್ನೆಗೆ ನನಗೆ ತಿಳಿದದ್ದು ಒಂದೇ. ಒಬ್ಬನೇ ಆಡಿದ್ದಕ್ಕೇ ಅದು ಕೆಲಸ ಆಗಿದೆ. ಲ್ಯಾಪ್‌ಟಾಪ್ ನಿಮ್ಮ ಅಪ್ಪನ ಕೈಗೆ ಕೊಟ್ಟು ನೋಡಿ.

ಮಿರ್ಚಿಭಜಿ:

ಈ ಆಯಿಗೆ ನನ್ನದೊಂದು ನಮಸ್ಕಾರ ಹೇಳ್ರಿ. ಮೊದಲು ಬರೆದದ್ದನ್ನು ವಾಪಸ್ ತೆಗೆದುಕೊಂಡೆ. ಅರ್ಧ.

ಕಬ್ಬಿನಗಾಡಿ:

ಬಹಳ ದಿನ ಆಯಿತು, ಏನಾಯಿತು ಅಂತ ಬರೆದು ಹೋಗುತ್ತೇನೆ.

ಅಪ್ಪ ಕಣ್ಣಿನ ಪೊರೆ ತೋರಿಸಲು ಬೆಳಗಾವಿಗೆ ಬಂದು ನನ್ನ ರೂಮಿನಲ್ಲಿ ಐದು ದಿನ ಇದ್ದರು. ಎರಡನೇ ದಿನ ಹೊಸದಾಗಿ ಒಂದು ಹೊಲ ಶುರು ಮಾಡಿ ಮುಂದೆ ಇಟ್ಟೆ. ಕೀಲಿ ಒತ್ತುವುದು ನಾನು, ಯಜಮಾನಿಕೆ ಅವರದು.

ಮೊದಲ ಪ್ರಶ್ನೆ: "ಕಬ್ಬು ಎಲ್ಲೈತಿ?" ಇಲ್ಲ ಅಂದೆ. ಇಲ್ಲಿ ಸಕ್ಕರೆ ಬೀಟ್‌ರೂಟಿನಿಂದ ಬರುತ್ತದೆ, ಗಿರಣಿಯಲ್ಲಿ ಹಾಕಿದರೆ ಆಯಿತು ಅಂದೆ. "ಹಂಗಾರ ಬಿಲ್ಲಿನ ತಕರಾರೂ ಇಲ್ಲ" ಅಂದರು.

ಹದಿನೈದಕ್ಕಿಂತ ಹೆಚ್ಚು ಗಿಡ ಹಾಕಿದರೆ ಕಾಗೆ ಬರುತ್ತವೆ, ಬೆದರುಗೊಂಬೆ ಮಾಡೋಣ ಅಂದೆ. ಬೇಡ ಅಂದರು. "ಹದಿನೈದ ಸಾಕು. ಯಾರಿಗೆ ಗಂಟು ಕಟ್ಟೋದೈತಿ?" ಎಲ್ಲಾ ಕಲ್ಲನ್ನೂ ಒಡೆಯಲು ಬಿಡಲಿಲ್ಲ. ಒಂದು ಮರದ ಬುಡದಲ್ಲಿ ಪೆಟ್ಟಿಗೆ ಇಡಿಸಿದರು, ಅದು ಬುತ್ತಿ ಇಡುವ ಜಾಗವಂತೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ನಾವು ಊಟಕ್ಕೆ ಕೂರುವ ಬನ್ನಿ ಗಿಡದ ಹಾಗೆ ಅದು ಕಂಡಿರಬೇಕು.

ನಾನು ದಂಗಾದದ್ದು ಮಳೆಯ ದಿನ. ಆಟದಲ್ಲಿ ಮಳೆ ಬಂದರೆ ನೀರು ಹಾಕುವ ಕೆಲಸ ತಪ್ಪುತ್ತದೆ. ಲೆಕ್ಕ ಬಲ್ಲವರು ಅವತ್ತು ಗಣಿಗೆ ಹೋಗಿ ತಾಮ್ರ ಅಗೆಯುತ್ತಾರೆ, ಒಂದು ನಿಮಿಷವೂ ವ್ಯರ್ಥ ಮಾಡುವುದಿಲ್ಲ. ನಾನು ಗಣಿಯ ದಾರಿ ಹಿಡಿದೆ. ಅಪ್ಪ ಕೈ ಹಿಡಿದರು. "ಎಲ್ಲಿ ಹೊಂಟಿ? ಮಳಿ ಬರಾಕತ್ತೈತಿ. ಒಳಗ ಕರಕೊಂಡು ಹೋಗಿ ಮಲಗಸು ಅವನ್ನ."

ಆಟದಲ್ಲಿ ಬೆಳಗ್ಗೆ ಏಳೂವರೆ. ಮಲಗಿಸಿದೆ. ಹೊರಗೆ ಮಜಗಾವಿಯಲ್ಲೂ ಮಳೆ ಹೊಡೆಯುತ್ತಿತ್ತು. ಅಪ್ಪ ಚಹಾ ಇಡು ಅಂದರು, ಇಟ್ಟೆ.

ಹೊರಡುವ ಹಿಂದಿನ ರಾತ್ರಿ ಬೇಸಿಗೆ ಬಂತು. ಗೋವಿನಜೋಳ ಹಾಕಿಸಿದರು. ಬೇಸಿಗೆ ಮುಗಿದರೂ ಸಾಯುವುದಿಲ್ಲ, ಮುಂದಿನ ಹಂಗಾಮಿನಲ್ಲೂ ನಿಲ್ಲುತ್ತದೆ ಅಂತ ನಾನು ಹೇಳಿದ್ದಕ್ಕೆ. ಮೊದಲ ತೆನೆಗೆ 14 ದಿನ. ನೋಟ್‌ಬುಕ್ ಎಲ್ಲಿ ಇಟ್ಟೆ ಅಂತ ನೋಡಿಲ್ಲ. ಹಳೇ ಹೊಲದಲ್ಲಿ ಪೀಪಾಯಿಗಳು ತುಂಬಿ ಕೂತಿವೆ, ಕೂರಲಿ.

ನಿನ್ನೆ ಊರಿಂದ ಫೋನ್ ಬಂತು. ಕಣ್ಣು ಹೇಗಿದೆ ಅಂತ ಕೇಳುವಷ್ಟರಲ್ಲಿ ಅವರೇ ಕೇಳಿದರು, "ಗ್ವಾಂಜ್ವಾಳ ತೆನಿ ಹಿಡೀತೇನು?"

ಇನ್ನೂ ಇಲ್ಲ ಅಪ್ಪಾ, ನಾಲ್ಕು ದಿನ ಇದೆ ಅಂದೆ.